ಎರಡನೆಯ ಸಾಲಿನ ಮುಖಗಳು

ಮದ್ಯಶಾಲೆಯನ್ನು ಈ ಕ್ಷಣದಿಂದಲೇ ಮುಚ್ಚತಕ್ಕದ್ದೆಂದು ಪೊಲೀಸ್ ಅಧಿಕಾರಿಯ ಆಜ್ಞೆಯಾಗುತ್ತದೆ. ಕಾರಣವೇನೆಂದು ಮಾಲೀಕ ಕೇಳಿದರೆ, ಇಲ್ಲಿ ಜೂಜು ನಡೆಯುತ್ತಿರುವುದು ತಿಳಿದು ತನಗೆ ಮಹದಾಘಾತವಾಗಿದೆಯೆಂದು, ಮುಖದ ಒಂದು ಗೆರೆಯೂ ಸರಿಯದ ಹಾಗೆ, ಅಧಿಕಾರಿ ಉತ್ತರ ಕೊಡುತ್ತಾನೆ. ಮಾತು ಬಾಯಿಂದ ಪೂರ್ತಿ ಹೊರಬಿದ್ದಿತೋ ಇಲ್ಲವೋ, ಜೂಜಿನ ಮೇಜಿನ ಕಡೆಯಿಂದ ನೌಕರನೊಬ್ಬ ಬಂದು, ಆ ರಾತ್ರಿ ಅದೇ ಅಧಿಕಾರಿ ಜೂಜಿನಲ್ಲಿ ಗೆದ್ದ ಹಣವನ್ನು ವಿನಯದಿಂದ ಅವನ ಕೈಗಿಡುತ್ತಾನೆ. ಅಧಿಕಾರಿ ತಗ್ಗಿದ ದನಿಯಲ್ಲಿ ಉಪಕಾರ ಸ್ಮರಿಸಿ, ಹಣ ತೆಗೆದುಕೊಂಡು, ಎಲ್ಲರೂ ಹೊರಟುಹೋಗತಕ್ಕದ್ದೆಂದು ಮತ್ತೆ ಗದರುತ್ತಾನೆ.

‘ಕಾಸಾಬ್ಲಾಂಕಾ’ ಚಿತ್ರವನ್ನು ನೋಡಿದವರಾರೂ ಈ ಪ್ರಸಂಗವನ್ನು ಮರೆಯಲಾರರು. ಮಾಲೀಕ ರಿಕ್‌ನ ಪಾತ್ರದಲ್ಲಿರುವವನು ಹಂಫ್ರಿ ಬೋಗಾರ್ಟ್ ಎಂಬುದನ್ನು ಲೋಕವೇ ಬಲ್ಲದು. ಅಧಿಕಾರಿಯಾದ ಕ್ಲಾಡ್ ರೇನ್ಸ್‌ನ ಹೆಸರನ್ನು ಚಿತ್ರಪ್ರಿಯರು ಬಲ್ಲರು. ಆದರೆ ಹಣ ತಂದುಕೊಟ್ಟ ಆ ನೌಕರ ಯಾರು? ಚಿತ್ರದ ನಟವರ್ಗದ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಆತ ಮಾರ್ಸೆಲ್ ದಾಲಿಯೋ. ಕೇವಲ ಮೂರು ವರ್ಷ ಮುಂಚೆ, 1939ರಲ್ಲಿ, ಫ್ರಾನ್ಸಿನ ಮಹಾನಿರ್ದೇಶಕ ಜಾಂ ರೆನ್ವಾರ್ ತನ್ನ ‘ಆಟದ ನಿಯಮಗಳು’ ಎಂಬ ಚಿತ್ರದಲ್ಲಿ ಶ್ರೀಮಂತ ಕುಲೀನನ ಪ್ರಧಾನ ಪಾತ್ರವನ್ನು ನೆಚ್ಚಿ ಒಪ್ಪಿಸಿದ್ದು ಈ ದಾಲಿಯೋಗೆ. ಈತ ಯೆಹೂದ್ಯ. 1940ರಲ್ಲಿ ಜರ್ಮನ್ ಸೈನ್ಯ ಪ್ಯಾರಿಸಿನ ಮೇಲೆ ಬರುತ್ತಿದ್ದಾಗ ಎಳೆಯ ವಯಸ್ಸಿನ ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟು, ಲಿಸ್ಬನ್ನಿಗೆ ತಲಪಿ, ಅಲ್ಲಿ ಚಿಲಿ ದೇಶದ ವೀಸಾ ಸಂಪಾದಿಸಿ ಹಡಗು ಹತ್ತಿದನು. ಹಡಗು ಮೆಕ್ಸಿಕೋ ಮುಟ್ಟಿದಾಗ ಆ ವೀಸಾಗಳು ಖೋಟಾ ಎಂಬುದು ಹೊರಬಿತ್ತು. ಅತ್ತ ಪ್ಯಾರಿಸಿನಲ್ಲಿ, ‘ಯೆಹೂದ್ಯನ ಮುಖ ಹೀಗಿರುತ್ತದೆ’ ಎಂದು ಜನಕ್ಕೆ ತೋರಿಸುವುದಕ್ಕಾಗಿ ನಾತ್ಸಿಗಳು ಗೋಡೆಗೆ ಅಂಟಿಸಿದ ಭಿತ್ತಿಪತ್ರಗಳಲ್ಲಿ ಇವನ ಭಾವಚಿತ್ರವನ್ನೇ ಅಚ್ಚುಹಾಕಿಸಿದ್ದರು. ಇವನ ತಂದೆತಾಯಂದಿರು ನಾತ್ಸಿ ಶಿಬಿರಗಳಲ್ಲಿ ಸತ್ತರು. ಇಷ್ಟೆಲ್ಲವನ್ನು ತಿಳಿದ ಮೇಲೆ, ವೀಸಾಕ್ಕಾಗಿ ಹಾತೊರೆದು ಲಿಸ್ಬನ್ನಿನ ವಿಮಾನಕ್ಕೆ ಕಾದುಕುಳಿತ ನಿರಾಶ್ರಿತರ ಕಥೆಯಾದ ಈ ಚಿತ್ರದಲ್ಲಿ, ಜೂಜಿನ ಚಕ್ರ ತಿರುಗಿಸುತ್ತ ನಿಂತ ಆ ತೆಳುಮುಖದವನನ್ನು ನಾನು ಮೊದಲಿನಂತೆ ನೋಡಲಾರದೆ ಹೋದೆನು.

ಇಂಥ ಮುಖಗಳ ಮೇಲಿನ ಪ್ರೀತಿಯಿಂದಲೇ ಈ ಲೇಖನ. ಹಳೆಯ ಹಾಲಿವುಡ್ಡಿನ ಅಭಿಮಾನಿಗಳೆಂದು ಹೇಳಿಕೊಳ್ಳುವವರೆಲ್ಲ ಬೋಗಾರ್ಟ್, ಗ್ಯಾರಿ ಕೂಪರ್, ಬರ್ಗ್‌ಮನ್, ಗಾರ್ಬೋ ಎಂದು ನಾಯಕ ನಾಯಿಕೆಯರ ನಾಮಾವಳಿಯನ್ನು ಜಪಿಸುವುದುಂಟು, ನಾನೂ ಜಪಿಸಿದವನೇ. ವಯಸ್ಸು ಏರಿದಂತೆಲ್ಲ ನನ್ನ ಕಣ್ಣು ನಾಯಕನ ಭುಜದ ಆಚೆಗೆ ಹೋಗಿ, ಎರಡನೆಯ ಸಾಲಿನಲ್ಲಿ ನಿಂತವರ ಮೇಲೆ ನೆಲಸತೊಡಗಿತು. ಇಂಥವರನ್ನು ಇಂಗ್ಲಿಷಿನವರು ಆಧಾರಕ್ಕೆ ನಿಲ್ಲಿಸಿದ ಊರೆಗೋಲೆಂಬರ್ಥದ ಮಾತಿನಿಂದ ಕರೆಯುತ್ತಾರೆ. ನಮ್ಮವರು ಕರೆಯುವುದು ‘ಪೋಷಕ ನಟ’ನೆಂದು. ಈ ಹೆಸರನ್ನು ಮೊದಲು ಬಳಕೆಗೆ ತಂದವರು ಯಾರೋ ಅರಿಯೆ, ಅವರು ಪುಣ್ಯಾತ್ಮರು. ಏಕೆಂದರೆ ಇವರು ಚಿತ್ರವನ್ನು ಆನಿಕೊಂಡು ನಿಂತವರಲ್ಲ, ಉಣಿಸಿ ಬೆಳೆಸಿದವರು. ಹಿಮ್ಮೇಳ ಸೊರಗಿದರೆ ಮುಮ್ಮೇಳದ ವೇಷ ಎಷ್ಟು ಕುಣಿದರೂ ಪ್ರಸಂಗ ಮೇಲೇಳದೆಂಬುದನ್ನು ಯಕ್ಷಗಾನ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇವರ ಮೇಲಿನ ಪ್ರೀತಿಗೆ ನನ್ನ ಅಜ್ಞಾನವೂ ಒಂದು ಕಾರಣವೆಂದು ಒಪ್ಪಿಕೊಳ್ಳಬೇಕು. ಬೆಂಗಳೂರಿನ ದಂಡು ಪ್ರದೇಶದ ಚಿತ್ರಮಂದಿರಗಳಲ್ಲಿ ಭಾನುವಾರದ ಬೆಳಗಿನ ಆಟಕ್ಕೆ ಹೋಗಿ ಕುಳಿತುಕೊಳ್ಳುತ್ತಿದ್ದ ನಮ್ಮಂಥ ಕನ್ನಡ ಶಾಲೆಯ ಹುಡುಗರಿಗೆ ಅಮೆರಿಕದವರ ಮೂಗಿನ ಮಾತು ನಾಲ್ಕಕ್ಕೆ ಒಂದು ಪಾಲೂ ತಿಳಿಯುತ್ತಿರಲಿಲ್ಲ. ಮುಂದಿನ ಸಾಲಿನವರು ನಕ್ಕಾಗ ನಾವೂ ನಗುತ್ತಿದ್ದೆವು, ಒಂದು ಗಳಿಗೆ ತಡವಾಗಿ. ಮಾತು ಕೈಕೊಟ್ಟಾಗ ಉಳಿಯುವುದು ಮುಖವೊಂದೇ. ಕಥೆಯನ್ನು ನಾವು ಓದಿಕೊಂಡದ್ದು ಮುಖಗಳಲ್ಲಿ. ಸುಂದರವಾದ ಮುಖದಲ್ಲಿ ಓದುವುದಕ್ಕೆ ಹೆಚ್ಚೇನೂ ಇರುವುದಿಲ್ಲವೆಂಬ ಪಾಠ ಅಲ್ಲಿಯೇ ಆಯಿತು. ಜೋತ ಕೆನ್ನೆ, ಬೋಳು ತಲೆ, ಉಬ್ಬಿದ ಕಣ್ಣು, ದಪ್ಪ ಮೂಗು: ಬರಹವಿದ್ದದ್ದು ಇವುಗಳ ಮೇಲೆ.

‘ಕಾಸಾಬ್ಲಾಂಕಾ’ದ ಮಾತನ್ನು ಇನ್ನಷ್ಟು ಮುಂದುವರಿಸುತ್ತೇನೆ, ಏಕೆಂದರೆ ಇಂಥ ಮುಖಗಳು ಒಂದೇ ಸೂರಿನಡಿ ಇಷ್ಟೊಂದು ಕೂಡಿದ ಚಿತ್ರ ಇನ್ನೊಂದನ್ನು ನಾನು ಕಾಣೆನು. ಹಂಗೇರಿಯಿಂದ ಬಂದ ಮೈಕಲ್ ಕರ್ಟೀಸ್‌ನ ನಿರ್ದೇಶನದಲ್ಲಿ, ಬರ್ಬ್ಯಾಂಕಿನ ವಾರ್ನರ್ ಸ್ಟುಡಿಯೋದಲ್ಲಿ, 1942ರ ಬೇಸಗೆಯಲ್ಲಿ ಚಿತ್ರೀಕರಣ ನಡೆಯಿತು. ತೆರೆಯ ಮೇಲೆ ಹೆಸರು ಕಾಣುವ ನಟವರ್ಗದಲ್ಲಿ ಅಮೆರಿಕದಲ್ಲೇ ಹುಟ್ಟಿದವರು ಮೂವರು ಮಾತ್ರ: ಬೋಗಾರ್ಟ್, ಪಿಯಾನೋ ನುಡಿಸುವ ಸ್ಯಾಮ್ ಆಗಿ ಬರುವ ಡೂಲಿ ವಿಲ್ಸನ್, ಬಲ್ಗೇರಿಯದ ಎಳೆಯ ಹೆಂಡತಿಯಾಗಿ ಬರುವ ಜಾಯ್ ಪೇಜ್. ಅಂದಹಾಗೆ ಆ ವಿಲ್ಸನ್‌ಗೆ ಪಿಯಾನೋ ನುಡಿಸಲು ಬರುತ್ತಿರಲಿಲ್ಲ. ಅವನು ಡ್ರಮ್ ಬಾರಿಸುತ್ತಿದ್ದವನು. ಬೇರೊಬ್ಬ ಮರೆಯಲ್ಲಿ ಕುಳಿತು ನುಡಿಸುತ್ತಿದ್ದರೆ ಅವನ ಕೈಗಳನ್ನು ನೋಡಿ ಈತ ಬೆರಳಾಡಿಸಿದನು. ಹಾಡಿದ್ದು ಮಾತ್ರ ಸ್ವಂತ ಕಂಠದಲ್ಲಿ. ಉಳಿದವರೆಲ್ಲ ಹೊರಗಿನಿಂದ ಬಂದವರು, ಅವರಲ್ಲಿ ಅನೇಕರು ಹಿಟ್ಲರನ ಭಯಕ್ಕೆ ಓಡಿಬಂದವರು.

ಮದ್ಯಶಾಲೆಯ ಹಿರಿಯ ಪರಿಚಾರಕ ಕಾರ್ಲ್ ಆಗಿ ಬರುವವನು ಹಂಗೇರಿಯ ಎಸ್. ಝೆಡ್. ಸಕಾಲ್, ಹಿಟ್ಟು ನಾದಿದಂತಿರುವ ಮೆತ್ತನೆಯ ಕೆನ್ನೆಗಳನ್ನು ಎರಡೂ ಅಂಗೈಗಳಿಂದ ಒತ್ತಿಕೊಂಡು ಗಾಬರಿಗೊಳ್ಳುವ ಮುದ್ದು ಮುದುಕ. ಅಮೆರಿಕಕ್ಕೆ ಹೊರಟ ವೃದ್ಧ ದಂಪತಿಗಳೊಡನೆ ಅವನು ಒಂದು ಗುಟುಕು ಬ್ರಾಂಡಿ ಕುಡಿಯುವ ಸನ್ನಿವೇಶವೊಂದಿದೆ. ಇನ್ನು ಮುಂದೆ ನಾವಿಬ್ಬರೂ ಇಂಗ್ಲಿಷನ್ನೇ ಆಡುವುದೆಂದು ದಂಪತಿಗಳ ಸಂಕಲ್ಪ. ಗಂಡ ಎಷ್ಟು ಗಂಟೆಯಾಯಿತೆಂದು ಕೇಳಹೊರಟು ಗಡಿಯಾರ ಯಾವುದೆಂದು ಕೇಳುತ್ತಾನೆ. ಹೆಂಡತಿ ಹತ್ತು ಗಡಿಯಾರವೆನ್ನುತ್ತಾಳೆ. ಅಷ್ಟೊಂದೇ ಎಂದು ಗಂಡ ಬೆರಗಾಗುತ್ತಾನೆ. ಅಮೆರಿಕದಲ್ಲಿ ನಿಮಗೆ ಯಾವ ತೊಂದರೆಯೂ ಆಗದೆಂದು ಕಾರ್ಲ್ ಮನಸಾರೆ ಹರಸುತ್ತಾನೆ. ವ್ಯಾಕರಣವನ್ನು ಉರುಹೊಡೆದು, ನಾಲಗೆಯ ಮೇಲೆ ಇಂಗ್ಲಿಷು ಬಾರದೆ ಪಟ್ಟಣಕ್ಕೆ ಬಂದ ನಮ್ಮ ಪೈಕಿ ಯಾರಾದರೂ ಈ ದೃಶ್ಯಕ್ಕೆ ನಗುವ ನಗೆಯೇ ಬೇರೆ. ಅದರಲ್ಲಿ ಸ್ವಲ್ಪ ಪಾಪದ ಅರಿಕೆಯೂ ಬೆರೆತಿರುತ್ತದೆ. ದಂಪತಿಗಳಾಗಿ ನಟಿಸಿದ ಲುಡ್ವಿಗ್ ಸ್ಟೋಸೆಲ್ ಮತ್ತು ಇಲ್ಕಾ ಗ್ರ್ಯೂನಿಂಗ್ ಇಬ್ಬರೂ ಆಸ್ಟ್ರಿಯ ಜರ್ಮನಿಗಳ ರಂಗಭೂಮಿಯಲ್ಲಿ ಹೆಸರು ಮಾಡಿ, ಮುಪ್ಪಿನ ಹೊಸ್ತಿಲಲ್ಲಿ ಪರದೇಶಕ್ಕೆ ಬಂದು ಬಿದ್ದವರು. ಸಕಾಲನ ಮೂವರು ಸೋದರಿಯರು ನಾತ್ಸಿ ಶಿಬಿರಗಳಲ್ಲಿ ಸತ್ತರು. ಇದು ಹಾಸ್ಯದ ದೃಶ್ಯ. ಇದನ್ನು ಹಾಸ್ಯವಾಗಿಯೇ ಅಭಿನಯಿಸಿದರು. ಕಣ್ಣಿನ ಅಂಚಿನಲ್ಲಿಯೂ ಹನಿ ತೋರಗೊಡಲಿಲ್ಲ.

ಹನಿ ತೋರಿದ್ದು ಬೇರೊಂದು ಕಡೆ. ಮದ್ಯಶಾಲೆಯಲ್ಲಿ ಜರ್ಮನ್ ಅಧಿಕಾರಿಗಳು ತಮ್ಮ ದೇಶದ ಹಾಡನ್ನು ಗಟ್ಟಿಯಾಗಿ ಹಾಡತೊಡಗುತ್ತಾರೆ. ಪ್ರತಿರೋಧದ ನಾಯಕನಾದ ಲಾಸ್ಲೋ ನೇರವಾಗಿ ವಾದ್ಯಗಾರರ ಬಳಿಗೆ ಬಂದು ಫ್ರಾನ್ಸಿನ ರಾಷ್ಟ್ರಗೀತೆಯನ್ನು ನುಡಿಸಿರೆನ್ನುತ್ತಾನೆ. ವಾದ್ಯಗಾರರು ಮಾಲೀಕನ ಮುಖ ನೋಡುತ್ತಾರೆ. ಬೋಗಾರ್ಟ್ ಸುಮ್ಮನೆ ತಲೆಯಾಡಿಸುತ್ತಾನೆ. ಆ ಮೇಲೆ ಒಬ್ಬೊಬ್ಬರಾಗಿ ಎದ್ದುನಿಂತು ಸಭೆಯೆಲ್ಲ ಹಾಡುವಾಗ, ಛಾಯಾಗ್ರಾಹಕ ಒಬ್ಬ ಹುಡುಗಿಯ ಮುಖದ ಸಮೀಪಕ್ಕೆ ಹೋಗುತ್ತಾನೆ. ಅವಳು ಇವೊನ್, ಅದೇ ಸಂಜೆ ಜರ್ಮನ್ ಅಧಿಕಾರಿಯೊಬ್ಬನ ತೋಳು ಹಿಡಿದು ಒಳಗೆ ಬಂದವಳು. ಈಗ ಕೆನ್ನೆ ತೊಯ್ದು, ತುಟಿ ಅದುರಿ, ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದಾಳೆ. ಈ ನಟಿಯ ಹೆಸರು ಮದಲೆನ್ ಲೆಬೋ, ವಯಸ್ಸು 19. ದಾಲಿಯೋ ಪ್ಯಾರಿಸಿನಿಂದ ಕರೆತಂದನೆಂದು ಹೇಳಿದೆನಲ್ಲ, ಆ ಎಳೆಯ ಹೆಂಡತಿ ಇವಳೇ. ಚಿತ್ರೀಕರಣ ನಡೆಯುತ್ತಿದ್ದಾಗಲೇ ಆ ದಾಂಪತ್ಯವೂ ಮುರಿಯಿತು. ತನ್ನ ಊರು ಶತ್ರುವಿನ ಬೂಟಿನಡಿ ಇರುವಾಗ ಊರಿನ ಹಾಡು ಹಾಡಬೇಕಾಗಿ ಬಂದವಳಿಗೆ ಕಣ್ಣೀರಿನ ಅಭಿನಯವನ್ನು ಯಾವ ನಿರ್ದೇಶಕ ತಾನೆ ಕಲಿಸಿಕೊಡಬೇಕು? ದ್ವಾರಪಾಲಕನ ಪಾತ್ರ ಮಾಡಿದ ಡ್ಯಾನ್ ಸೀಮೋರ್, ಆ ದೃಶ್ಯದ ನಡುವೆ ಸುತ್ತ ನೋಡಿದಾಗ ಅರ್ಧ ಜನ ಅಳುತ್ತಿದ್ದುದನ್ನು ಮುಂದೆ ನೆನಪಿಸಿಕೊಂಡಿದ್ದಾನೆ.

ಜರ್ಮನ್ ಮೇಜರ್ ಸ್ಟ್ರಾಸರ್ ಆಗಿ, ತಣ್ಣನೆಯ ಕ್ರೌರ್ಯವೇ ಸಮವಸ್ತ್ರ ತೊಟ್ಟು ಬಂದಂತೆ ಕಾಣುವ ಕಾನ್ರಾಟ್ ಫೈಟ್ ಬರ್ಲಿನ್ನಿನಲ್ಲಿ ಹುಟ್ಟಿ, 1920ರ ‘ಡಾಕ್ಟರ್ ಕಲಿಗಾರಿ’ಯಲ್ಲಿ ನಿದ್ದೆಯಲ್ಲಿ ನಡೆಯುವವನಾಗಿ ಲೋಕಪ್ರಸಿದ್ಧನಾದವನು. ಇವನ ಮಡದಿ ಯೆಹೂದ್ಯ ಕುಲದವಳು. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ, ಕುಲ ಯಾವುದೆಂದು ಕೇಳುವ ಸರ್ಕಾರಿ ನಮೂನೆಯಲ್ಲಿ, ತಾನು ಯೆಹೂದ್ಯನಲ್ಲದಿದ್ದರೂ, ಯೆಹೂದ್ಯನೆಂದೇ ಬರೆದನೆಂದು ಪ್ರಸಿದ್ಧಿಯಿದೆ. ಬಳಿಕ ದೇಶ ಬಿಟ್ಟು ಬ್ರಿಟಿಷ್ ಪ್ರಜೆಯಾದನು. ನಾತ್ಸಿಗಳನ್ನು ಕಂಡರಾಗದ ಈತ ತೆರೆಯ ಮೇಲೆ ನಾತ್ಸಿಯಾಗಿ ಉಳಿದುಕೊಂಡನು. ‘ಕಾಸಾಬ್ಲಾಂಕಾ’ ಅಮೆರಿಕದಲ್ಲೆಲ್ಲ ತೆರೆಕಂಡ ಮೂರು ತಿಂಗಳೊಳಗೆ, 1943ರ ಏಪ್ರಿಲ್ 3ರಂದು, ಗಾಲ್ಫ್ ಆಡುತ್ತಿದ್ದಾಗ ಎದೆಯೊಡೆದು ತೀರಿಕೊಂಡನು. ಆಗ ಅವನಿಗೆ 50.

ಈ ಫೈಟ್‌ನನ್ನು ನಮ್ಮ ಹಿರಿಯರು ಬಲ್ಲರು, ಹೆಸರು ತಿಳಿಯದಿದ್ದರೂ. 1940ರ ‘ಥೀಫ್ ಆಫ್ ಬಗ್ದಾದ್’ ಚಿತ್ರದಲ್ಲಿ ಕಣ್ಣಿನ ನೋಟದಿಂದಲೇ ಮಾಟ ಮಾಡುವ ದುಷ್ಟಮಂತ್ರಿ ಜಾಫರ್ ಇವನೇ. ಅವನ ಶಾಪದಿಂದ ನಾಯಿಯಾಗುವ ಕಳ್ಳಹುಡುಗ ಅಬು ನಮ್ಮ ಮೈಸೂರು ಸೀಮೆಯ ಕಾರಾಪುರದವನಾದ ಸಾಬು. ಮಾವುತನ ಮಗನಾದ ಈ ಹುಡುಗನನ್ನು 1935ರಲ್ಲಿ ರಾಬರ್ಟ್ ಫ್ಲಾಹರ್ಟಿಯ ಚಿತ್ರತಂಡ ಮೈಸೂರಿನಲ್ಲಿ ಆರಿಸಿಕೊಂಡಿತು. 1937ರಲ್ಲಿ ‘ಎಲಿಫೆಂಟ್ ಬಾಯ್’ ಹೊರಬಂದಿತು. ಬಗ್ದಾದಿನ ಚಿತ್ರ ಇಂಗ್ಲೆಂಡಿನಲ್ಲಿ ಆರಂಭವಾಗಿ, ಯುದ್ಧದ ದೆಸೆಯಿಂದ ಹಾಲಿವುಡ್ಡಿಗೆ ಹೋಗಿ ಮುಗಿಯಿತು. ಸಾಬು ಅಲ್ಲಿಯೇ ನೆಲಸಿ, ಅಮೆರಿಕದ ಪ್ರಜೆಯಾಗಿ, ಯುದ್ಧದಲ್ಲಿ ಬಾಂಬರ್ ವಿಮಾನದ ಹಿಂಬದಿಯ ಬಂದೂಕುಗಾರನಾಗಿ ಕೆಲಸ ಮಾಡಿ, 1963ರಲ್ಲಿ ತನ್ನ 39ನೆಯ ವಯಸ್ಸಿನಲ್ಲಿ ಕಾಲವಾದನು. ಬರ್ಲಿನ್ನಿನ ನಟಶ್ರೇಷ್ಠನಿಗೆ ಎದುರುನಿಂತು, ಅವನ ಮುಂದೆ ಎಳ್ಳಷ್ಟೂ ಮಂಕಾಗದ ಕಾರಾಪುರದ ಹುಡುಗನನ್ನು ನೋಡುವಾಗ ನನಗೆ ಉಂಟಾಗುವ ಹೆಮ್ಮೆ ಕಲಾವಿಮರ್ಶೆಗೆ ಸೇರಿದ್ದಲ್ಲವೆಂದು ಬಲ್ಲೆ. ಆದರೂ ಹೆಮ್ಮೆಯೇನೋ ಹೆಮ್ಮೆಯೇ.

ಈಗ ಕ್ಲಾಡ್ ರೇನ್ಸ್. ಈ ಒಬ್ಬನಿಗಾಗಿ ಬೇಕಾದರೆ ಉಳಿದ ಎಲ್ಲವನ್ನೂ ಬಿಟ್ಟುಕೊಡಬಲ್ಲೆನೆಂದು ಒಂದೊಂದು ಸಲ ಅನ್ನಿಸುತ್ತದೆ. 1889ರಲ್ಲಿ ಲಂಡನ್ನಿನ ಬಡ ಕುಟುಂಬವೊಂದರಲ್ಲಿ ಹುಟ್ಟಿದ ಈತನಿಗೆ ಬಾಲ್ಯದಲ್ಲಿ ಮಾತೇ ಶತ್ರು. ಒಂದು ಕಡೆ ಕೇರಿಯ ಒರಟು ಉಚ್ಚಾರ, ಇನ್ನೊಂದು ಕಡೆ ತೊದಲು. ನಾಟಕಶಾಲೆಯಲ್ಲಿ ನಟರನ್ನು ರಂಗಕ್ಕೆ ಕೂಗಿ ಕರೆಯುವ ಹುಡುಗನಾಗಿ ಸೇರಿದವನ ಗುಣವನ್ನು ಕಂಡು, ಅಂದಿನ ಮಹಾನಟ ಬೀರ್‌ಬೋಮ್ ಟ್ರೀ ತನ್ನ ಕೈಯಿಂದ ಹಣ ಕೊಟ್ಟು ಮಾತಿನ ಪಾಠ ಹೇಳಿಸಿದನು. ಮೊದಲನೆಯ ಮಹಾಯುದ್ಧದ ವಿಷಾನಿಲ ಈತನ ಬಲಗಣ್ಣಿನ ದೃಷ್ಟಿಯನ್ನು ಬಹುಮಟ್ಟಿಗೆ ನುಂಗಿತು. ತೊದಲುತ್ತಿದ್ದ ಹುಡುಗ ಮುಂದೆ ಲಂಡನ್ನಿನ ರಾಯಲ್ ನಾಟ್ಯವಿದ್ಯಾಲಯದಲ್ಲಿ ಗುರುವಾಗಿ, ಜಾನ್ ಗೀಲ್ಗುಡ್ಡನಂಥ ಶಿಷ್ಯನಿಗೆ ಪಾಠ ಹೇಳಿದನು. ಹಾಲಿವುಡ್ಡಿಗೆ ಬಂದಾಗ ನಲವತ್ತು ದಾಟಿತ್ತು. ಸಿಕ್ಕ ಮೊದಲ ದೊಡ್ಡ ಪಾತ್ರ 1933ರ ‘ಅದೃಶ್ಯ ಮಾನವ’ನದು. ಚಿತ್ರದುದ್ದಕ್ಕೂ ಮೈಮುಖಗಳಿಗೆ ಬಟ್ಟೆ ಸುತ್ತಿ ಇಲ್ಲವೆ ಕಣ್ಣಿಗೇ ಕಾಣದೆ ಇದ್ದು, ಕೊನೆಯಲ್ಲಿ ಸತ್ತಾಗ ಮಾತ್ರ ಮುಖ ತೋರುವ ಪಾತ್ರ! ಬೇರೆ ಯಾವ ನಟನಿಗಾದರೂ ಇದು ಅವಮಾನವೆನಿಸೀತು. ರೇನ್ಸ್ ಕಂಠವೊಂದರಿಂದಲೇ ಆ ಹುಚ್ಚನನ್ನು ಕಟ್ಟಿ ನಿಲ್ಲಿಸಿದನು.

ಅವನ ಕ್ಯಾಪ್ಟನ್ ರೆನೋ ಲಂಚಕೋರ, ಸ್ತ್ರೀಲೋಲ, ಗಾಳಿ ಬಂದ ಕಡೆ ತೂರಿಕೊಳ್ಳುವವನು. ಆದರೂ ನಮಗೆ ಪ್ರಿಯನಾಗುತ್ತಾನೆ, ಏಕೆಂದರೆ ತಾನು ಎಂಥವನೆಂಬುದನ್ನು ಮರೆಮಾಚುವ ಶ್ರಮವನ್ನು ಅವನು ತೆಗೆದುಕೊಳ್ಳುವುದಿಲ್ಲ. ಕೊನೆಯ ದೃಶ್ಯದಲ್ಲಿ, ಮೇಜರ್ ಸತ್ತುಬಿದ್ದಿದ್ದಾನೆ, ಕೊಂದವನು ಪಿಸ್ತೂಲು ಹಿಡಿದು ಎದುರಿಗಿದ್ದಾನೆ, ಸಿಪಾಯಿಗಳು ಆಜ್ಞೆಗೆ ಕಾದಿದ್ದಾರೆ. ರೇನ್ಸ್ ಒಂದು ಗಳಿಗೆ ಬೋಗಾರ್ಟನ ಕಡೆ ನೋಡಿ, ಎಂದಿನ ಅನುಮಾನದ ಜನರನ್ನೆಲ್ಲ ಹಿಡಿದು ತನ್ನಿರೆಂದು ಆಜ್ಞೆಮಾಡುತ್ತಾನೆ. ಬಳಿಕ ನೀರಿನ ಬಾಟಲೊಂದನ್ನು ಎತ್ತಿ, ಅದರ ಮೇಲೆ ವಿಶಿ ಎಂಬ ಹೆಸರನ್ನು ಕಂಡು, ಬುಟ್ಟಿಗೆ ಎಸೆದು, ಬುಟ್ಟಿಯನ್ನು ಕಾಲಿಂದ ಒದೆಯುತ್ತಾನೆ. ಜರ್ಮನರಿಗೆ ತಲೆಬಾಗಿದ ಫ್ರೆಂಚ್ ಸರ್ಕಾರದ ರಾಜಧಾನಿ ವಿಶಿ. ಅವನು ಒದ್ದದ್ದು ತನ್ನ ನೌಕರಿಯನ್ನು, ಇಷ್ಟು ಕಾಲದ ತನ್ನ ಬಾಳನ್ನು. ಅದಕ್ಕೊಂದು ಭಾಷಣವಿಲ್ಲ, ಮುಷ್ಟಿ ಬಿಗಿಯುವುದಿಲ್ಲ. ಚಿತ್ರದ ನಾಯಕ ತ್ಯಾಗ ಮಾಡಿದನೆಂದು ಲೋಕ ಕೊಂಡಾಡಿತು. ನನ್ನ ಎಣಿಕೆಯಲ್ಲಿ ಆ ಚಿತ್ರದಲ್ಲಿ ನಿಜವಾಗಿ ಮನಸ್ಸು ತಿರುಗಿದವನು ಈತನೇ.

ಹಿಚ್‌ಕಾಕ್‌ನ ‘ನೊಟೋರಿಯಸ್’ ಚಿತ್ರದಲ್ಲಿ ಇನ್ನೂ ಕಠಿನವಾದ ಕೆಲಸ. 1946ರ ಈ ಚಿತ್ರದಲ್ಲಿ ರೇನ್ಸ್ ಖಳನಾಯಕ, ನಾತ್ಸಿ, ಹೆಂಡತಿಗೆ ವಿಷ ಉಣಿಸುವವನು. ಆದರೆ ಇಂಗ್ರಿಡ್ ಬರ್ಗ್‌ಮನ್‌ಗಿಂತ ಕುಳ್ಳನಾದ, ವಯಸ್ಸಾದ ಈ ಗಂಡ ಅವಳನ್ನು ನಾಯಕನಾದ ಕ್ಯಾರಿ ಗ್ರಾಂಟ್‌ಗಿಂತ ಹೆಚ್ಚಾಗಿ ಪ್ರೀತಿಸುತ್ತಾನೆಂದು ನಮಗೆ ಒಳಗೊಳಗೇ ತಿಳಿಯುತ್ತ ಹೋಗುತ್ತದೆ. ಕಡೆಗೆ ನಾಯಕ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು, ತನ್ನನ್ನೂ ಹತ್ತಿಸಿಕೊಳ್ಳಿರೆಂದು ಬೇಡುವ ಇವನನ್ನು ಹೊರಗೇ ಬಿಟ್ಟು ಹೋಗುತ್ತಾನೆ. ಮನೆಯ ಬಾಗಿಲಲ್ಲಿ ಸಂಗಡಿಗರು ಕಾದಿದ್ದಾರೆ. ಮೋಸಹೋದವನನ್ನು ಅವರು ಉಳಿಸುವವರಲ್ಲ. ರೇನ್ಸ್ ತಿರುಗಿ, ಬೆನ್ನನ್ನಷ್ಟೇ ನಮಗೆ ತೋರಿಸುತ್ತ, ಒಂದೊಂದಾಗಿ ಮೆಟ್ಟಿಲು ಹತ್ತುತ್ತಾನೆ, ಬಾಗಿಲು ಮುಚ್ಚುತ್ತದೆ. ಬೆನ್ನಿನಿಂದ ಅಭಿನಯಿಸುವುದು ಸಾಧ್ಯವೇ ಎಂದು ಶಂಕಿಸುವವರು ಆ ಮೆಟ್ಟಿಲುಗಳನ್ನು ನೋಡಬೇಕು. ನಾಲ್ಕು ಬಾರಿ ಈತನ ಹೆಸರು ಪೋಷಕ ನಟನ ಆಸ್ಕರ್ ಪ್ರಶಸ್ತಿಯ ಪಟ್ಟಿಗೆ ಹೋಯಿತು. ಒಮ್ಮೆಯೂ ಬರಲಿಲ್ಲ.

ಇಂಥ ಮುಖಗಳು ಆ ಕಾಲದಲ್ಲೇ ಇಷ್ಟು ಸಮೃದ್ಧವಾಗಿ ಏಕೆ ದೊರೆತವೆಂಬುದಕ್ಕೆ ಕಾರಣ ಕಲೆಯಲ್ಲಿಲ್ಲ, ಲೆಕ್ಕಪತ್ರದಲ್ಲಿದೆ. ದೊಡ್ಡ ಸ್ಟುಡಿಯೋಗಳು ನಟರನ್ನು ಏಳೇಳು ವರ್ಷದ ಕರಾರಿಗೆ ಕಟ್ಟಿಹಾಕಿ ವಾರದ ಸಂಬಳ ಕೊಡುತ್ತಿದ್ದುವು. ಕೊಟ್ಟ ಪಾತ್ರವನ್ನು ಒಲ್ಲೆನೆಂದವನಿಗೆ ಸಂಬಳ ನಿಲ್ಲುತ್ತಿತ್ತು. ಒಂದು ಸ್ಟುಡಿಯೋ ತನ್ನ ನಟನನ್ನು ಇನ್ನೊಂದಕ್ಕೆ ಬಾಡಿಗೆಯ ಎತ್ತಿನಂತೆ ಕಳುಹಿಸುವುದೂ ಇತ್ತು. ಹೀನ ಪದ್ಧತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ವಾರವಾರವೂ ಸಂಬಳ ಎಣಿಸುವ ಯಜಮಾನ ನಟನನ್ನು ಸುಮ್ಮನೆ ಕೂರಿಸಲಾರನಾದ್ದರಿಂದ, ಪೋಸ್ಟ್‌ಮ್ಯಾನ್, ನ್ಯಾಯಾಧೀಶ, ಕುಡುಕ, ಸೋದರಮಾವ ಎಂದು ಒಂದರ ಮೇಲೊಂದು ಪಾತ್ರ ಬರುತ್ತಲೇ ಇತ್ತು. ವರ್ಷಕ್ಕೆ ನಾಲ್ಕಾರು ಚಿತ್ರಗಳ ಸಾಧನೆಯಿಂದ ಇವರ ಕೈ ಪಳಗಿ, ಬಾಗಿಲು ತೆರೆದು ಒಳಗೆ ಬರುವ ರೀತಿಯಲ್ಲೇ ಒಂದು ಜೀವನಚರಿತ್ರೆಯನ್ನು ಹೇಳಬಲ್ಲವರಾದರು. ಥಾಮಸ್ ಮಿಚೆಲ್ ಎಂಬ ನಟ 1939ರ ಒಂದೇ ವರ್ಷದಲ್ಲಿ ‘ಸ್ಟೇಜ್‌ಕೋಚ್’ನ ಕುಡುಕ ವೈದ್ಯ, ‘ಗಾನ್ ವಿತ್ ದಿ ವಿಂಡ್’ನ ನಾಯಿಕೆಯ ತಂದೆ, ‘ಮಿಸ್ಟರ್ ಸ್ಮಿತ್’ನ ಪತ್ರಕರ್ತ, ‘ಓನ್ಲಿ ಏಂಜೆಲ್ಸ್ ಹ್ಯಾವ್ ವಿಂಗ್ಸ್’ನ ಮುದಿ ವಿಮಾನಚಾಲಕ, ‘ನೋತ್ರ್‌ದಾಮಿನ ಗೂನ’ದಲ್ಲಿ ಭಿಕ್ಷುಕರ ದೊರೆ, ಹೀಗೆ ಐದು ಅವತಾರ ಎತ್ತಿದನು. ವೈದ್ಯನ ಪಾತ್ರಕ್ಕೆ ಆಸ್ಕರ್ ಬಂದಿತು. ಐದನ್ನೂ ನೋಡಿದವರಿಗೆ ಐವರೂ ಒಬ್ಬನೇ ಎಂದು ಹೊಳೆಯುವುದು ತಡವಾಗಿ.

ಪಳಗಿದ ಕೈ ಸೆರೆಯೂ ಆಗುತ್ತಿತ್ತು. ‘ಎಂ’ ಎಂಬ ಜರ್ಮನ್ ಚಿತ್ರದಲ್ಲಿ ಮಕ್ಕಳನ್ನು ಕೊಲ್ಲುವ ರೋಗಿಷ್ಠನಾಗಿ 1931ರಲ್ಲಿ ಯುರೋಪನ್ನು ನಡುಗಿಸಿದ ಪೀಟರ್ ಲೋರೆ, ಆ ಒದ್ದೆ ಕಣ್ಣುಗಳ, ಪಿಸುದನಿಯ ಅಪರಾಧಿಯಾಗಿಯೇ ಆಯುಷ್ಯ ಸವೆಸಿದನು. ‘ಮಾಲ್ಟೀಸ್ ಫಾಲ್ಕನ್’ನಲ್ಲಿ ಅವನ ಜೊತೆಗಾರನಾದ ಸಿಡ್ನಿ ಗ್ರೀನ್‌ಸ್ಟ್ರೀಟ್ ನಾಟಕರಂಗದಲ್ಲೇ ಮುದುಕನಾಗಿ, 61ನೆಯ ವಯಸ್ಸಿನಲ್ಲಿ ಮೊದಲ ಸಲ ಕ್ಯಾಮೆರಾದ ಮುಂದೆ ನಿಂತವನು, ಆ ಮಹಾಕಾಯನ ಹೊಟ್ಟೆ ಕುಲುಕುವ ನಗೆಯನ್ನು ಒಮ್ಮೆ ಕೇಳಿದವರಿಗೆ ಮರೆಯುವುದು ಸಾಧ್ಯವಿಲ್ಲ.

ಸೆರೆಗಿಂತ ಕ್ರೂರವಾದದ್ದೂ ಒಂದಿತ್ತು. ‘ಗಾನ್ ವಿತ್ ದಿ ವಿಂಡ್’ ಚಿತ್ರದಲ್ಲಿ ದಾದಿ ಮ್ಯಾಮಿಯಾಗಿ ಬರುವ ಹ್ಯಾಟಿ ಮ್ಯಾಕ್‌ಡ್ಯಾನಿಯಲ್, ಗುಲಾಮನಾಗಿ ಹುಟ್ಟಿದವನೊಬ್ಬನ ಮಗಳು. ಆ ಚಿತ್ರದಲ್ಲಿ ಅವಳು ಮೆಲಾನಿ ಎಂಬಾಕೆಯನ್ನು ಕರೆದುಕೊಂಡು ಮನೆಯ ದೊಡ್ಡ ಮೆಟ್ಟಿಲುಗಳನ್ನು ಹತ್ತುತ್ತ, ಮಗುವನ್ನು ಕಳೆದುಕೊಂಡ ಆ ಮನೆಯ ದುರವಸ್ಥೆಯನ್ನು ಬಿಕ್ಕುತ್ತ ಹೇಳುವ ದೃಶ್ಯವೊಂದಿದೆ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಉಸಿರು ಭಾರವಾಗುತ್ತದೆ, ಮಾತು ಒಡೆಯುತ್ತದೆ. ಅಷ್ಟು ಹೊತ್ತಿನ ತನಕ ವಸ್ತ್ರವೈಭವದಲ್ಲಿ ಮೆರೆದ ಚಿತ್ರ ಹಠಾತ್ತನೆ ಒಬ್ಬ ದಾದಿಯ ದುಃಖವಾಗಿಬಿಡುತ್ತದೆ. 1939ರ ಡಿಸೆಂಬರಿನಲ್ಲಿ ಅಟ್ಲಾಂಟಾ ನಗರದಲ್ಲಿ ಚಿತ್ರದ ಪ್ರಥಮ ಪ್ರದರ್ಶನವಾದಾಗ, ವರ್ಣಭೇದದ ಕಟ್ಟಳೆಯ ಫಲವಾಗಿ ಆಕೆ ಅಲ್ಲಿಗೆ ಹೋಗುವಂತಿರಲಿಲ್ಲ. 1940ರ ಫೆಬ್ರುವರಿ 29ರಂದು ಆಸ್ಕರ್ ಗೆದ್ದ ಮೊದಲ ಕಪ್ಪು ಜನಾಂಗದ ಕಲಾವಿದೆಯಾದಾಗಲೂ, ಸಹನಟರ ಮೇಜಿನಲ್ಲಲ್ಲ, ಗೋಡೆಯ ಪಕ್ಕದಲ್ಲಿ ಬೇರೆ ಹಾಕಿದ ಮೇಜಿನಿಂದ ಎದ್ದುಬಂದು ಪ್ರಶಸ್ತಿ ಸ್ವೀಕರಿಸಬೇಕಾಯಿತು. ಅಂದು ಕೈಗೆ ಬಂದದ್ದೂ ಪ್ರತಿಮೆಯಲ್ಲ, ಫಲಕ. ಪೋಷಕ ಪಾತ್ರಗಳಿಗೆ ಪ್ರಶಸ್ತಿ ಕೊಡಲಾರಂಭಿಸಿದ ಮೊದಲ ಏಳು ವರ್ಷ ಫಲಕವನ್ನಷ್ಟೇ ಕೊಡುತ್ತಿದ್ದರು. ಇತ್ತ ಸ್ವಜನರ ಸಂಘಟನೆಗಳು, ದಾಸಿಯ ಪಾತ್ರಗಳನ್ನೇ ಒಪ್ಪಿಕೊಳ್ಳುತ್ತಾಳೆಂದು ಆಕೆಯನ್ನು ದೂರಿದವು. ದೂರು ಹುರುಳಿಲ್ಲದ್ದಲ್ಲ, ಆದರೆ ಆ ಕಾಲದಲ್ಲಿ ಬೇರೆ ಪಾತ್ರವನ್ನು ಆಕೆಗೆ ಕೊಡುವವರಾದರೂ ಯಾರಿದ್ದರು? 1952ರಲ್ಲಿ ಸತ್ತಾಗ, ಆಕೆ ಬಯಸಿದ್ದ ಹಾಲಿವುಡ್ಡಿನ ಸ್ಮಶಾನ ಜಾಗ ಕೊಡಲಿಲ್ಲ. ಆಕೆ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋದ ಫಲಕ ಕಾಣೆಯಾಯಿತು; ಬದಲಿ ಫಲಕವನ್ನು ಅಕಾಡೆಮಿ ಒಪ್ಪಿಸಿದ್ದು 2023ರಲ್ಲಿ.

ಸ್ಟುಡಿಯೋ ಕರಾರಿನ ಆ ಪದ್ಧತಿಯ ಸಂಜೆಗಾಲದಲ್ಲಿ ಬಂದವಳು ಥೆಲ್ಮಾ ರಿಟರ್. ಬ್ರೂಕ್ಲಿನ್ನಿನಲ್ಲಿ 1902ರಲ್ಲಿ ಹುಟ್ಟಿ, ಸಂಸಾರ ಮಾಡಿಕೊಂಡಿದ್ದವಳು, ನಲವತ್ತೈದರ ಹತ್ತಿರಕ್ಕೆ ಬಂದಾಗ, 1947ರ ‘ಮಿರಾಕಲ್ ಆನ್ 34ತ್ ಸ್ಟ್ರೀಟ್’ನಲ್ಲಿ ಒಂದು ಚಿಕ್ಕ ಪಾತ್ರಕ್ಕೆ ಬಂದಳು. ಮಗ ಕೇಳಿದ ಆಟಿಕೆಗಾಗಿ ಅಂಗಡಿಯಿಂದ ಅಂಗಡಿಗೆ ಅಲೆದು ಕಾಲು ಸೋತ ತಾಯಿ. ಅದು ಇನ್ನೊಂದು ಅಂಗಡಿಯಲ್ಲಿ ಸಿಗುತ್ತದೆಂದು ಈ ಅಂಗಡಿಯ ಸಾಂತಾಕ್ಲಾಸನೇ ಹೇಳಿಬಿಟ್ಟಾಗ ಅವಳಿಗಾಗುವ ಬೆರಗು. ಇದ್ದದ್ದು ಇಷ್ಟೇ, ಪಟ್ಟಿಯಲ್ಲಿ ಹೆಸರೂ ಇಲ್ಲ. ಆದರೆ ಸೋತ ಕಾಲಿನ ಆ ತಾಯಿಯನ್ನು ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ನಾವೆಲ್ಲ ಕಂಡಿದ್ದೇವೆ. ಅಲ್ಲಿಂದ ಪಾತ್ರಗಳು ಬಂದವು: ‘ಆಲ್ ಅಬೌಟ್ ಈವ್’ನಲ್ಲಿ ಕಪಟಿಯಾದ ಈವ್‌ಳ ಬಣ್ಣವನ್ನು ಎಲ್ಲರಿಗಿಂತ ಮೊದಲೇ ಅರಿಯುವ ಸೇವಕಿ, ‘ರಿಯರ್ ವಿಂಡೋ’ದಲ್ಲಿ ಕಾಲು ಮುರಿದು ಕುಳಿತ ಜೇಮ್ಸ್ ಸ್ಟೂವರ್ಟನ ಬೆನ್ನು ತಿಕ್ಕುತ್ತ ಬುದ್ಧಿ ಹೇಳುವ ದಾದಿ.

ಆದರೆ ಆಕೆಯ ಶ್ರೇಷ್ಠ ಕೆಲಸ 1953ರ ‘ಪಿಕಪ್ ಆನ್ ಸೌತ್ ಸ್ಟ್ರೀಟ್’. ಮೋ ಎಂಬ ಮುದುಕಿ ಬೀದಿಯಲ್ಲಿ ಟೈ ಮಾರುತ್ತಾಳೆ. ಜೊತೆಗೆ ಕಳ್ಳರ ಸುದ್ದಿಯನ್ನು ಪೊಲೀಸರಿಗೂ ಮಾರುತ್ತಾಳೆ. ಕೂಡಿಟ್ಟ ಹಣವೆಲ್ಲ ಒಂದೇ ಉದ್ದೇಶಕ್ಕೆ: ಸತ್ತಾಗ ಅನಾಥಶವಗಳ ಗುಂಡಿಗೆ ಬೀಳದೆ, ತನ್ನದೇ ಆದ ಒಂದು ತುಂಡು ನೆಲದಲ್ಲಿ ಮಣ್ಣಾಗಬೇಕು. ಒಂದು ರಾತ್ರಿ ದಣಿದು ಕೋಣೆಗೆ ಬಂದು ಗ್ರಾಮಫೋನು ಹಚ್ಚಿ ಮಲಗಲಿದ್ದಾಗ, ಕೊಲೆಗಾರ ಒಳಗೆ ಬಂದು ಒಬ್ಬನ ವಿಳಾಸ ಕೇಳುತ್ತಾನೆ. ಜೀವಮಾನವೆಲ್ಲ ಸುದ್ದಿ ಮಾರಿದವಳು ಇದೊಂದನ್ನು ಮಾರಲು ಒಪ್ಪುವುದಿಲ್ಲ. ತಾನೆಷ್ಟು ದಣಿದಿದ್ದೇನೆ, ಮೈಯ ಯಾವ ಯಾವ ಭಾಗ ನೋಯುತ್ತಿದೆಯೆಂದು ಅವನಿಗೆ ಹೇಳುತ್ತಾಳೆ. ದನಿಯಲ್ಲಿ ಅಂಜಿಕೆಯಿಲ್ಲ, ಶೌರ್ಯವೂ ಇಲ್ಲ. ದಿನದ ಕೆಲಸ ಮುಗಿಸಿದ ಹೆಂಗಸಿನ ಬೇಸರವಷ್ಟೇ. ಕ್ಯಾಮೆರಾ ಗ್ರಾಮಫೋನಿನ ಕಡೆ ಸರಿಯುತ್ತದೆ; ಗುಂಡಿನ ಸದ್ದು ಕೇಳಿಸುತ್ತದೆ; ತಟ್ಟೆ ತಿರುಗುತ್ತಲೇ ಇರುತ್ತದೆ. ಆರು ಬಾರಿ ಆಸ್ಕರ್ ಪಟ್ಟಿಯಲ್ಲಿ ಬಂದ ರಿಟರಳ ಹೆಸರು ಆರು ಬಾರಿಯೂ ಬರಿಗೈಯಲ್ಲಿ ಹಿಂದಿರುಗಿತು. ಪ್ರಶಸ್ತಿ ಕೊಡುವವರ ಕಣ್ಣು ಯಾವ ದೇಶದಲ್ಲಾದರೂ ಮೊದಲ ಸಾಲನ್ನು ದಾಟುವುದು ಅಪರೂಪವೇ. ಅದನ್ನು ಅಮೆರಿಕದ ದೋಷವೆನ್ನಲಾಗದು. ನಮ್ಮ ಕನ್ನಡ ಚಿತ್ರಗಳ ಪೋಷಕ ನಟರಾದ ನರಸಿಂಹರಾಜು, ಬಾಲಕೃಷ್ಣರನ್ನು ಜೀವಂತವಾಗಿದ್ದಾಗ ನಾವೆಷ್ಟು ಮನ್ನಿಸಿದೆವೆಂಬ ಪ್ರಶ್ನೆಗೂ ಉತ್ತರ ಕೊಡಬೇಕಾಗುತ್ತದೆ.

1948ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ಸ್ಟುಡಿಯೋಗಳು ಚಿತ್ರಮಂದಿರಗಳ ಒಡೆತನವನ್ನೂ ಇಟ್ಟುಕೊಂಡು ವ್ಯಾಪಾರ ನಡೆಸುವುದು ಕೂಡದೆಂದು ತೀರ್ಪಿತ್ತಿತು. ಟೆಲಿವಿಷನ್ ಮನೆಮನೆಗೂ ಬಂದಿತು. ಕರಾರಿನ ನಟರ ಪಟ್ಟಿ ಕ್ಷೀಣಿಸುತ್ತ ಬಂದು, 1960ರ ದಶಕದ ವೇಳೆಗೆ ಎರಡನೆಯ ಸಾಲಿನವರ ಆ ಊರಿಗೂರೇ ಖಾಲಿಯಾಯಿತು. ದಾಲಿಯೋ ಯುದ್ಧಾನಂತರ ಫ್ರಾನ್ಸಿಗೆ ಮರಳಿ ನಟಿಸಿದನು. ಲೆಬೋ ಸಹ ಯುರೋಪಿಗೆ ಹಿಂದಿರುಗಿದಳು. ‘ಕಾಸಾಬ್ಲಾಂಕಾ’ದ ಪಟ್ಟಿಯಲ್ಲಿ ಹೆಸರಿದ್ದ ನಟವರ್ಗದಲ್ಲಿ ಎಲ್ಲರಿಗಿಂತ ಕೊನೆಗೆ ಉಳಿದವಳು ಆಕೆ, 2016ರ ಮೇ 1ರಂದು ಸ್ಪೇನಿನಲ್ಲಿ 92ನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಈ ಚಿತ್ರವನ್ನು ನೋಡಿದ ವಾಚಕರಲ್ಲಿ ನನ್ನದೊಂದು ಬಿನ್ನಹವಿದೆ. ಇನ್ನೊಮ್ಮೆ ನೋಡಿ, ಈ ಸಲ ಬೋಗಾರ್ಟನನ್ನೂ ಬರ್ಗ್‌ಮನ್ನಳನ್ನೂ ಅವರ ಪಾಡಿಗೆ ಬಿಟ್ಟು, ಅವರ ಬೆನ್ನ ಹಿಂದೆ ತಟ್ಟೆ ಹಿಡಿದು ನಿಂತವನನ್ನು, ಚಕ್ರ ತಿರುಗಿಸುವವನನ್ನು, ಜೇಬು ಕತ್ತರಿಸುವವನನ್ನು, ಮೂಲೆಯ ಮೇಜಿನಲ್ಲಿ ಒಡವೆ ಮಾರಲು ಕುಳಿತ ಹೆಂಗಸನ್ನು ನೋಡಿ. ಇಡೀ ಚಿತ್ರ ಇರುವುದು 102 ನಿಮಿಷ ಮಾತ್ರ.